ಬದುವಿನ ಎಕ್ಕಿ ಗಿಡ

ಸವದತ್ತಿ, ರಾಮದುರ್ಗದ ಕಡೆ ಮಲಪ್ರಭೆ ದಂಡಿಯ ಎರಿ ಹೊಲದಾಗ ಬದುವಿನ ಮ್ಯಾಲೆ ಎಕ್ಕಿ ಗಿಡ ಇದ್ದೇ ಇರತಾವ. ಶನಿವಾರ ಹನುಮಪ್ಪನ ಮಾಲಿಗೆ ಎಲಿ ಹರಿಯೂವಾಗ ಒಮ್ಮೆ ಹೊಳ್ಳಿಸಿ ನೋಡ್ರಿ. ಬಿಳಿ, ಕರಿ, ಹಳದಿ ಪಟ್ಟಿಯ ಹುಳ ಕೂತಿರತದ. ಬೆನ್ನ ಮ್ಯಾಲೆ ಕೋಡಿನಂಥ ಮೂರು ಜೋಡಿ ಕರಿ ಎಳಿ. ಮುಂದ ಅದೇ ಕಿತ್ತಳೆ ರೆಕ್ಕಿಯ ಪಾತರಗಿತ್ತಿ! ಎಕ್ಕಿ ಹಾಲಿನ ವಿಷ ಮೈಯಾಗ ಇಟ್ಕೊಂಡದ್ದಕ್ಕ ಹಕ್ಕಿಗಳು ಅದನ್ನ ಮುಟ್ಟೂದು ಕಡಿಮಿ. ನಿಂಬಿ ಗಿಡದ ಪಾತರಗಿತ್ತಿ ಬ್ಯಾರೆ, ಔಡಲದ್ದು ಬ್ಯಾರೆ. ಹೂವಿನ ಜೇನು ಎಲ್ಲಿ ಸಿಕ್ಕರೂ ಕುಡೀತಾವ, ತತ್ತಿ ಇಡಲಿಕ್ಕೆ ಮಾತ್ರ ತಮ್ಮ ಗಿಡಾನೇ ಬೇಕು. ನಾವು ಬದು ಸ್ವಚ್ಛ ಇರಲಿ ಅಂತ ಕಳೆನಾಶಕ ಹೊಡೀತೀವಿ. ಈ ಸಲ ನಮ್ಮ ಹೊಲದ ಎಕ್ಕಿ ಹಂಗೇ ಬಿಟ್ಟೀನಿ. ನಿನ್ನೆ ಎಲಿಯೊಳಗ ಎರಡು ಹುಳ ಕಂಡವು.