ಕೈ ಕೊಟ್ಟವರು ಯಾರು?

ಮದುವೆಯಾಗಿ ನಿಪ್ಪಾಣಿಗೆ ಬಂದಾಗ ನನ್ನ ಹೆಂಡತಿಗೆ ಮರಾಠಿಯ ಗಂಧಗಾಳಿ ಇರಲಿಲ್ಲ. ತವರು ಮೈಸೂರು. ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ವೈನಿ, ನಿಮ್ಮವರು ಅಡಚಣಿಯೊಳಗ ನಮಗ ಕೈ ಕೊಟ್ರು ನೋಡ್ರಿ" ಎಂದು ಕಣ್ಣೊರೆಸಿಕೊಂಡರಂತೆ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಯಿತು: "ಪಾಪ, ಅವರಿಗ್ಯಾಕೆ ಕೈ ಕೊಟ್ರಿ?"

ಆಕೆಯ ಮನೆಮಾತು ಮರಾಠಿ. ಅಲ್ಲಿ ‘ಹಾತ್ ದೇಣೆ’ ಎಂದರೆ ಕಷ್ಟದಲ್ಲಿ ನೆರವಾಗುವುದು. ಅದನ್ನೇ ಪದಕ್ಕೆ ಪದ ಕನ್ನಡಕ್ಕೆ ತಂದದ್ದರಿಂದ ಉಪಕಾರಿ ಮೋಸಗಾರನಾಗಿದ್ದೆ. ಅವರ ಮಗನ ಕಾಲೇಜು ಫೀಸಿಗೆ ನಾಲ್ಕು ಸಾವಿರ ಕೈಗಡ ಕೊಟ್ಟಿದ್ದೆ, ಅಷ್ಟೇ. ‘ಕೈ ಕೊಟ್ಟ’ ಆಪಾದನೆಯಿಂದ ಪಾರಾದೆ. ಹೇಳದೆ ಕೈಗಡ ಕೊಟ್ಟದ್ದಕ್ಕೆ ಮಾತ್ರ ಮಾಫಿ ಸಿಗಲಿಲ್ಲ.

ಇಂಗ್ಲಿಷಿನ ಕೈ ಇನ್ನೊಂದು ಬಗೆ. ‘ಗಿವ್ ಮಿ ಎ ಹ್ಯಾಂಡ್’ ಎಂದರೆ ಮರಾಠಿಯ ಹಾಗೆ ಸಹಾಯ ಮಾಡು. ‘ಗಿವ್ ಹಿಮ್ ಎ ಬಿಗ್ ಹ್ಯಾಂಡ್’ ಎಂದರೆ ಜೋರಾಗಿ ಚಪ್ಪಾಳೆ ತಟ್ಟಿ!

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಅಣ್ಣನ ಮಗಳು ಮೊನ್ನೆ ತಲೆ ಕೆಡಿಸಿಕೊಂಡು ಕೂತಿದ್ದಳು. "ಕಾಕಾ, ಗಿವ್ ಅಂದ್ರ ಕೊಡು, ಅಪ್ ಅಂದ್ರ ಮ್ಯಾಲೆ. ಗಿವ್ ಅಪ್ ಅಂದ್ರ ಬಿಟ್ಟುಬಿಡು ಹೆಂಗ ಆಗತೈತಿ?"

"ಕೈ ಹಿಡದ ಅಂದ್ರ?"

"ಮದುವ್ಯಾದ."

"ಕೈ ಮಾಡಿದ?"

"ಹೊಡದ."

"ಕೈ ಎತ್ತಿದ?"

"ನನ್ನಿಂದ ಆಗೂದಿಲ್ಲಂದ."

"ಇದನ್ನ ಯಾವ ಪುಸ್ತಕದಾಗ ಓದಿದಿ?" ಎಂದೆ. ನಕ್ಕಳು.

ಗಿವ್ ಅಪ್, ಪುಟ್ ಆಫ್, ಲುಕ್ ಆಫ್ಟರ್ ಮುಂತಾದವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್‌ಸಾಲ್ ಸ್ಮಿತ್ ಬರೆದ ‘ವರ್ಡ್ಸ್ ಅಂಡ್ ಇಡಿಯಮ್ಸ್’ ಪುಸ್ತಕದಿಂದ. ಅದಕ್ಕೂ ಎಷ್ಟೋ ಶತಮಾನ ಮೊದಲಿಂದ ಇಂಗ್ಲಿಷರು ಹೆಸರಿನ ಹಂಗಿಲ್ಲದೆ ಅವನ್ನು ಆಡುತ್ತಿದ್ದರು, ನಮ್ಮ ಹುಡುಗಿ ‘ಕೈ ಎತ್ತಿದ’ ಎಂದ ಹಾಗೆ.

ಆದರೂ ಒಂದು ನಿಯಮ ಗೊತ್ತಿರಬೇಕು. ಸಭೆ ರದ್ದು ಮಾಡು ಎನ್ನಲು ‘ಕಾಲ್ ಆಫ್ ದ ಮೀಟಿಂಗ್’ ಸರಿ, ‘ಕಾಲ್ ದ ಮೀಟಿಂಗ್ ಆಫ್’ ಕೂಡ ಸರಿ. ಸಭೆಯ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಕಾಲ್ ಇಟ್ ಆಫ್’. ಹುಡುಗಿ ‘ಕಾಲ್ ಆಫ್ ಇಟ್’ ಎಂದು ಬರೆದಿದ್ದಳು. ‘ಲುಕ್ ಆಫ್ಟರ್’ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಲುಕ್ ಆಫ್ಟರ್ ಹಿಮ್’ ಎಂದೇ ಅನ್ನಬೇಕು. ಇಂಥ ಬಿಗುಮಾನ ನಮ್ಮಲ್ಲೂ ಉಂಟು. ‘ಕೈ ಕೊಟ್ಟ’ ಎಂದರೆ ಮೋಸ. ನಡುವೆ ಒಂದು ‘ಅನ್ನು’ ತೂರಿಸಿ ‘ಕೈಯನ್ನು ಕೊಟ್ಟ’ ಅನ್ನಿ, ಮೋಸ ಮಾಯವಾಗಿ ಬರೀ ಕೈ ಉಳಿಯುತ್ತದೆ.

ಸಂದರ್ಭ ಬದಲಾದರೆ ಅರ್ಥವೂ ಬದಲು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಮುಗಿಸಿದ ಹುಡುಗರಿಗೆ ‘ಪಾಸಿಂಗ್ ಔಟ್ ಪರೇಡ್’. ಆಸ್ಪತ್ರೆಯಲ್ಲಿ ‘ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿದ. ಅರ್ಜಿಯಲ್ಲಿ ‘2019ರಲ್ಲಿ ಪಾಸ್ಡ್ ಔಟ್’ ಎಂದು ಬರೆದರೆ ನಮ್ಮ ದೇಶದಲ್ಲಿ ನಡೆಯುತ್ತದೆ. ಅಮೆರಿಕದವರು ‘ಈಗ ಹುಷಾರಾಗಿದ್ದೀಯಾ?’ ಎಂದು ಕೇಳಿಯಾರು. ‘ಗ್ರಾಜುಯೇಟೆಡ್’ ಎಂದು ಬರೆಯುವುದು ಕ್ಷೇಮ. ಹಾಗೆಯೇ ‘ಕೋಪ್ ಅಪ್ ವಿತ್’ ಎನ್ನುವಲ್ಲಿ ‘ಅಪ್’ ಬೇಡ, ‘ಕೋಪ್ ವಿತ್’ ಸಾಕು.

ಮಕ್ಕಳಿಗೆ ಇಂಗ್ಲಿಷ್ ಕಲಿಸುವವರಲ್ಲಿ ಒಂದು ಮನವಿ. ನೂರು ನುಡಿಗಟ್ಟಿನ ಪಟ್ಟಿ ಕೊಟ್ಟು ಉರು ಹೊಡೆಸಬೇಡಿ. ಯಾರು ಯಾರಿಗೆ ಯಾವಾಗ ಅಂದರು ಎಂಬುದರ ಸಮೇತ ದಿನಕ್ಕೊಂದು ಇಡೀ ವಾಕ್ಯ ಬರೆಸಿ. ಅನುಮಾನ ಬಂದಾಗ ಸರಳ ಪದವೇ ಸಾಕು ಎಂದೂ ಹೇಳಿ. ‘ಕಾಲ್ ಆಫ್’ ತಪ್ಪೀತು ಅನಿಸಿದರೆ ‘ಕ್ಯಾನ್ಸಲ್’ ಇದ್ದೇ ಇದೆ.