ಹಳದಿ ಯಾರ ಬಣ್ಣ?

ಈ ಸಲ ರಾಜ್ಯೋತ್ಸವಕ್ಕೆ ಟೀ ಶರ್ಟ್ ಮಾಡಿಸೋಣ ಅಂತ ಗ್ರೂಪಿಗೆ ಒಂದು ಫಾರ್ಮ್ ಕಳಿಸಿದೆವು. ಹುಡುಗರಿಗೆ ಹಳದಿ, ಹುಡುಗಿಯರಿಗೆ ಕೆಂಪು. ಎರಡು ಸಾಲು ನಿಂತರೆ ಬಾವುಟದ ಹಾಗೇ ಕಾಣುತ್ತೆ ಅನ್ನೋದು ನಮ್ಮ ಐಡಿಯಾ. ಎಲ್ಲರೂ ತುಂಬಿದರು, ಒಬ್ಬರನ್ನು ಬಿಟ್ಟು. ಕೇಳಿದ್ದಕ್ಕೆ, "ನಾನು ಯಾವ ಸಾಲಲ್ಲಿ ನಿಲ್ಲಲಿ? ಫೋಟೋ ನಾನೇ ತೆಗೀತೀನಿ ಬಿಡ್ರೋ" ಅಂತ ಉತ್ತರ ಬಂತು. ಹೋದ ವರ್ಷದ ಫೋಟೋ ತೆಗೆದದ್ದೂ ಅವರೇ. ಅದು ಯಾಕೆ ಅಂತ ನಾವು ಯಾರೂ ಯೋಚಿಸಿರಲಿಲ್ಲ.

1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ನಮ್ಮ ಬಾವುಟ ಅರಿಶಿನ ಕುಂಕುಮದ್ದು. ಮನೆಯೊಳಗೆ ಅದು ಮುತ್ತೈದೆಯರದು. ತಾತ ತೀರಿಕೊಂಡ ಮೇಲೆ ನಮ್ಮಲ್ಲೊಬ್ಬರ ಅಜ್ಜಿಗೆ ಯಾರ ಮನೆಯಲ್ಲೂ ಕುಂಕುಮ ಕೊಡಲಿಲ್ಲವಂತೆ. ಅದೇ ಬಣ್ಣದ ಶಲ್ಯ ಹೊದ್ದು ಗಂಡಸರು ಬೀದಿಯಲ್ಲಿ ಮೆರವಣಿಗೆ ಹೋದರೆ ಹೆಂಗಸರ ಬಣ್ಣ ಅಂತ ಯಾರೂ ಅನ್ನಲ್ಲ. ಇಲ್ಲಿ ಅಮೆರಿಕದಲ್ಲೂ ಅಷ್ಟೇ: 1918ರಲ್ಲಿ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು ಗಂಡುಮಗುವಿಗೆ ಗುಲಾಬಿ, ಹೆಣ್ಣುಮಗುವಿಗೆ ನೀಲಿ ಅಂತ ಬರೆದಿತ್ತು. ಇನ್ನು 2014ರ ನಾನ್‌ಬೈನರಿ ಬಾವುಟದ ಮೊದಲ ಪಟ್ಟಿಯೇ ಹಳದಿ, ಗಂಡು ಹೆಣ್ಣು ಎರಡರ ಲೆಕ್ಕಕ್ಕೂ ಸಿಗದವರ ಬಣ್ಣ. ಅದನ್ನೇ ನಾವು ಹುಡುಗರಿಗೆ ಹಂಚಿದ್ದೆವು!

ಫಾರ್ಮ್ ತಿದ್ದಿದೆವು. ಬಣ್ಣ ಅವರವರ ಇಷ್ಟ, ನಾವು ಕೇಳೋದು ಸೈಜ್ ಮಾತ್ರ. ನಮ್ಮ ಹಳದಿ ಪುರಾಣವೆಲ್ಲ ಕೇಳಿ ಆ ಫ್ರೆಂಡ್ ಆರಿಸಿದ್ದು ಕೆಂಪು. "ಹಳದಿ ನಂಗೆ ಒಪ್ಪಲ್ಲ ಮಾರಾಯ್ರೇ." ಕೊನೆಗೆ ಹಳದಿ ಹನ್ನೊಂದು, ಕೆಂಪು ಇಪ್ಪತ್ತಮೂರು, ಬಾವುಟ ಸೊಟ್ಟಗಾಯ್ತು. ಫೋಟೋ ತೆಗೆಯೋಕೆ ಲೈಬ್ರರಿಯಿಂದ ಹೊರಗೆ ಬರ್ತಿದ್ದ ಯಾರನ್ನೋ ಕರೆದೆವು.