ಸರಪಳಿ, ಡ್ರೋನು ಮತ್ತು ಸುಣ್ಣದ ಗೆರೆ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗುಂಟೆಯ ಲೆಕ್ಕ ಮರೆತಿರಲಾರದು. 33 ಅಡಿ ಉದ್ದ, 33 ಅಡಿ ಅಗಲ; ಒಟ್ಟು 1,089 ಚದರ ಅಡಿ. ಅಂತಹ 40 ಗುಂಟೆ ಸೇರಿದರೆ ಒಂದು ಎಕರೆ. ಆ 33 ಅಡಿ ಭೂಮಾಪಕರ ಸರಪಳಿಯ ಉದ್ದವೆಂದು ತರಗತಿಯಲ್ಲಿ ವಿವರಿಸುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಈ ಲೆಕ್ಕ ನನ್ನ ಮನೆಬಾಗಿಲಿಗೇ ಬಂದಿತು. ಬರಗೂರಿನಲ್ಲಿ ಅಣ್ಣನೂ ನಾನೂ ಬಾಯಿಮಾತಿನಲ್ಲಿ ಹಂಚಿಕೊಂಡಿದ್ದ ಹೊಲವನ್ನು ಕಾಗದಕ್ಕೆ ತರಬೇಕಾಗಿತ್ತು. ನಡುವಿನ ಬದುವಿನ ವಿಷಯವಾಗಿ ನಮ್ಮಿಬ್ಬರಲ್ಲಿ ಮಾತು ನಿಂತು ಕೆಲವು ವರ್ಷಗಳಾಗಿದ್ದವು.

ಅಣ್ಣನ ಮಗ ಹೇಳಿದ: "ಚಿಕ್ಕಪ್ಪ, ಮೊದಲು ಡ್ರೋನಿನಿಂದ ಅಳೆಸೋಣ. ಎರಡು ವಿಧಾನಗಳಿವೆ. ನೀವೇ ಆರಿಸಿ."

ಮೊದಲನೆಯದು ಕ್ಯಾಮೆರಾ. ಒಂದರ ಮೇಲೊಂದು ಹೊಂದುವಂತೆ ನೂರಾರು ಚಿತ್ರಗಳನ್ನು ತೆಗೆದು, ನೆಲದ ಮೇಲೆ ಮೊದಲೇ ಅಳೆದು ಗುರುತಿಸಿದ ಬಿಂದುಗಳಿಗೆ ಸರಿಹೊಂದಿಸಿ ನಕ್ಷೆ ಮಾಡುವುದು. ಖರ್ಚು ಕಡಿಮೆ, ಶೇಂಗಾ ಕಿತ್ತ ಬಯಲು ಹೊಲಕ್ಕೆ ಸಾಕು. ಆದರೆ ನಮ್ಮ ಬದುವಿನುದ್ದಕ್ಕೂ ಹುಣಸೆಮರಗಳಿವೆ. ಕ್ಯಾಮೆರಾಕ್ಕೆ ಕಾಣುವುದು ಅವುಗಳ ನೆತ್ತಿ ಮಾತ್ರ. ಎರಡನೆಯದು ಲೈಡಾರ್. ಅದರ ಲೇಸರ್ ಕಿರಣಗಳಲ್ಲಿ ಕೆಲವು ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಮರಳುವುದರಿಂದ ಮರದಡಿಯ ಏರುತಗ್ಗುಗಳೂ ತಿಳಿಯುತ್ತವೆ. ಖರ್ಚು ಬಹಳ.

ಹುಡುಗನ ಒಲವು ಲೈಡಾರಿನ ಕಡೆಗಿತ್ತು. ನಾನು ಬೇಡವೆಂದೆ. ಖರ್ಚಿಗೆ ಹೆದರಿ ಅಲ್ಲ. ಲೈಡಾರು ತೋರಿಸುವುದು ಇಂದು ಉಳಿದಿರುವ ಬದುವನ್ನು. ಅಪ್ಪನ ಕಾಲದಲ್ಲಿ ಅದು ಎಲ್ಲಿತ್ತೆಂಬುದನ್ನಲ್ಲ. ನನ್ನ ಭಾಗವನ್ನು ಕೋರಿಗೆ ಮಾಡಿದವನು ವರ್ಷವರ್ಷವೂ ನೇಗಿಲನ್ನು ಗೇಣುಗೇಣಾಗಿ ಅಣ್ಣನ ಕಡೆಗೆ ಒತ್ತಿದ್ದ. ಅದನ್ನು ಕಂಡೂ ನಾನು ಸುಮ್ಮನಿದ್ದೆ. ಈ ಮಾತನ್ನು ಅಂದೇ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ.

2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ-ನಿವೇಶನಗಳನ್ನು ಡ್ರೋನಿನಿಂದ ಅಳೆಯುವ ಮುನ್ನ, ಎಲ್ಲೆಗಳನ್ನು ಸುಣ್ಣದಿಂದ ಗುರುತಿಸುವ ಕ್ರಮವಿದೆ. ನಾವೂ ಹಾಗೆಯೇ ಮಾಡಿದೆವು. ಮರದ ನೆರಳಿನಲ್ಲಿ ಅಣ್ಣ ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು. ಹುಣಸೆ ಬೊಡ್ಡೆಗಳಿಂದ ಅಳೆದು, ನನ್ನ ಕಡೆಗೆ ಸರಿದು ಸುಣ್ಣ ಎಳೆದೆವು. ಬಯಲಿಗೆ ಕ್ಯಾಮೆರಾ ಸಾಕಾಯಿತು. 11ಇ ನಕ್ಷೆಗೆ ಭೂಮಾಪಕರು ಬಂದಾಗ ತೋರಿಸಲು ನಮ್ಮಲ್ಲಿ ಒಂದೇ ಗೆರೆಯಿತ್ತು.

ಯಾವ ವಿಧಾನ ಉತ್ತಮವೆಂದು ನೀವು ಕೇಳಿದರೆ, ಬಯಲಿಗೆ ಕ್ಯಾಮೆರಾ, ತೋಪಿಗೆ ಲೈಡಾರ್ ಎಂದೇ ಹೇಳುತ್ತೇನೆ. ಆದರೆ ಎಲ್ಲೆಯನ್ನು ಒಪ್ಪಿಕೊಳ್ಳುವ ಕೆಲಸ ನೆಲದ ಮೇಲೆ ನಿಂತವರದೇ. ಅಂದು ಮಧ್ಯಾಹ್ನ ಅಣ್ಣನ ಮನೆಯಲ್ಲಿ ಊಟ ಮಾಡಿದೆ.